ಅಪ್ಪನ ಎಡೆಗೆ ಬ್ರಾಂದಿ ಇಡಬೇಕಾ?

ಅಕ್ಟೋಬರ್ ಬಂತೆಂದರೆ ಮೆಕ್ಸಿಕೋದ ಬೇಕರಿಗಳಲ್ಲಿ ಒಂದು ಬ್ರೆಡ್ ಕಾಣಿಸಿಕೊಳ್ಳುತ್ತದೆ. ಹೆಸರು 'ಪಾನ್ ದೆ ಮುಯೆರ್ತೊ', ಅಂದರೆ ಸತ್ತವರ ಬ್ರೆಡ್. ಮೊಟ್ಟೆ, ಬೆಣ್ಣೆ, ಸಕ್ಕರೆ ಹಾಕಿ ನಾದಿದ ಮೈದಾ ಹಿಟ್ಟಿಗೆ ಕಿತ್ತಳೆ ಹೂವಿನ ನೀರನ್ನೋ ಸೋಂಪನ್ನೋ ಸೇರಿಸಿ, ಗುಂಡಗೆ ಮಾಡಿ, ಅದೇ ಹಿಟ್ಟಿನಿಂದ ಮೂಳೆಗಳ ಆಕಾರ ಹೊಸೆದು ಮೇಲೆ ಅಡ್ಡಡ್ಡ ಅಂಟಿಸುತ್ತಾರೆ. ನಡುವೆ ಒಂದು ಚಿಕ್ಕ ಉಂಡೆ. ಅದು ತಲೆಬುರುಡೆ ಅಂತ ಕೆಲವರು, ಕಣ್ಣೀರಿನ ಹನಿ ಅಂತ ಇನ್ನು ಕೆಲವರು. ಬೆಂದ ಮೇಲೆ ಮೈತುಂಬ ಸಕ್ಕರೆ ಉದುರಿಸುತ್ತಾರೆ. ನವೆಂಬರ್ 1 ಮತ್ತು 2ರಂದು ಮನೆಯಲ್ಲಿ ಸತ್ತವರಿಗಾಗಿ ಜೋಡಿಸಿದ ಮೇಜಿನ ಮೇಲೆ ಇದನ್ನು ಇಡುತ್ತಾರೆ. ಮೊದಲ ದಿನ ತೀರಿಕೊಂಡ ಮಕ್ಕಳು ಬರುತ್ತಾರೆ, ಮಾರನೇ ದಿನ ದೊಡ್ಡವರು ಅನ್ನೋದು ನಂಬಿಕೆ. ಬಂದವರು ಬ್ರೆಡ್ಡಿನ ಪರಿಮಳ ತಗೊಂಡು ಹೋಗುತ್ತಾರೆ. ಆಮೇಲೆ ಬದುಕಿರುವವರು ಅದನ್ನು ಬಿಸಿ ಚಾಕೊಲೇಟಿನಲ್ಲಿ ಅದ್ದಿಕೊಂಡು ತಿನ್ನುತ್ತಾರೆ.

2017ರ 'ಕೋಕೋ' ಸಿನಿಮಾ ನೋಡಿದವರಿಗೆ ಆ ಮೇಜು ನೆನಪಿರಬಹುದು. ಫೋಟೋ, ಮೇಣದಬತ್ತಿ, ನೀರು, ಉಪ್ಪು, ಎಲ್ಲೆಲ್ಲೂ ಚೆಂಡು ಹೂವು. ಈ ಚೆಂಡು ಹೂವಿನ ಮೂಲ ಊರೇ ಮೆಕ್ಸಿಕೋ. ಆಯುಧಪೂಜೆಗೆ ನಾವು ಕಾರಿನ ಬಾನೆಟ್ಟಿಗೆ ಕಟ್ಟುವ ಹೂವನ್ನು ಅವರು ಸತ್ತವರಿಗೆ ದಾರಿ ತೋರಿಸಲು ಬಳಸುತ್ತಾರೆ.

ಆ ಮೇಜಿನ ಮೇಲೆ ಎರಡು ಥರದ ವಸ್ತುಗಳಿರುತ್ತವೆ. ಒಂದು, ಎಲ್ಲರ ಮನೆಯಲ್ಲೂ ಇರುವಂಥದ್ದು: ಬ್ರೆಡ್, ನೀರು, ದೀಪ, ಹೂವು. ಇನ್ನೊಂದು, ಆ ಮನೆಯಲ್ಲಿ ಸತ್ತವರಿಗೆ ಮಾತ್ರ ಸಂಬಂಧಪಟ್ಟದ್ದು: ಅಜ್ಜಿಗೆ ಇಷ್ಟವಾದ ಸಾರು, ಮಾವ ಸೇದುತ್ತಿದ್ದ ಸಿಗರೇಟು, ತಾತ ಕುಡಿಯುತ್ತಿದ್ದ ಟಕೀಲಾ, ಹಣೆಯ ಮೇಲೆ ಹೆಸರು ಬರೆದ ಸಕ್ಕರೆ ಬುರುಡೆ. ಬ್ರೆಡ್ಡಿನ ಮೇಲೆ ಸಾಮಾನ್ಯವಾಗಿ ಯಾರ ಹೆಸರೂ ಇರುವುದಿಲ್ಲ. ಒಳ್ಳೆಯವನಿಗೂ ಅದೇ, ಕೆಟ್ಟವನಿಗೂ ಅದೇ.

ಈ ವ್ಯತ್ಯಾಸ ಇಲ್ಲಿಯೂ ಉಂಟು. ನಮ್ಮ ಮಂಡ್ಯ, ಮೈಸೂರು ಕಡೆ ಮಹಾಲಯ ಅಮಾವಾಸ್ಯೆಗೆ ಹಿರಿಯರ ಹಬ್ಬ ಮಾಡುವ ಮನೆಗಳನ್ನು ನೋಡಿ. ಕಜ್ಜಾಯ, ಒಬ್ಬಟ್ಟು, ವಡೆ ಎಲ್ಲರಿಗೂ ಸಾಮಾನ್ಯ. ಮಾಂಸ ತಿನ್ನುವ ಮನೆಗಳಲ್ಲಿ ಮುದ್ದೆ, ಬಾಡಿನ ಸಾರು. ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಎಡೆ ಇಟ್ಟು, ಬಾಗಿಲು ಮುಚ್ಚಿಕೊಂಡು ಎಲ್ಲರೂ ಆಚೆ ಬರುತ್ತಾರೆ. ಹಿರಿಯರು ಬಂದು ಉಣ್ಣಲಿ ಅಂತ. ಒಳಗೆ ಹೋಗುವ ಮುಂಚೆ ಒಂದು ಸಲ ಕೆಮ್ಮಬೇಕು, ಇಲ್ಲವೇ ಬಾಗಿಲು ತಟ್ಟಬೇಕು. ಊಟಕ್ಕೆ ಕೂತವರಿಗೆ ಮುಜುಗರ ಆಗಬಾರದಲ್ಲ! ಈ ಸಾಮಾನ್ಯ ಎಡೆಯ ಪಕ್ಕದಲ್ಲೇ ಒಬ್ಬೊಬ್ಬರದ್ದೂ ಬೇರೆ. ತಾತನಿಗೆ ಬೀಡಿ ಕಟ್ಟು, ಅಜ್ಜಿಗೆ ಎಲೆ ಅಡಿಕೆ ಕಡ್ಡಿಪುಡಿ, ದೊಡ್ಡಪ್ಪನಿಗೆ ಒಂದು ಕ್ವಾರ್ಟರ್.

ಕೊಡಗಿನಲ್ಲಿ ಇದು ಇನ್ನೂ ಗಟ್ಟಿಯಾದ ಪದ್ಧತಿ. ಕೊಡವರ ಒಂದೊಂದು ಒಕ್ಕಕ್ಕೂ ಒಂದು ಐನ್‌ಮನೆ, ಅದರ ಹತ್ತಿರ ಪೂರ್ವಿಕರಿಗಾಗಿ ಕೈಮಡ ಎಂಬ ಸಣ್ಣ ಗುಡಿ. ಒಕ್ಕ ಕಟ್ಟಿದ ಮೂಲಪುರುಷ ಗುರುಕಾರಣ. ಅವನಿಗೂ ಅವನ ನಂತರ ಹೋದ ಎಲ್ಲ ಕಾರಣರಿಗೂ ಬಾಳೆಲೆಯಲ್ಲಿ ಊಟ, ಜೊತೆಗೆ ಮದ್ಯ ಇಟ್ಟು ನೆನೆಯುತ್ತಾರೆ. ಆ ಎಡೆಗೆ ಮೀದಿ ಅನ್ನುತ್ತಾರೆ. ಕಾರಣರಿಗಾಗಿಯೇ ಒಕ್ಕದವರೆಲ್ಲ ಸೇರಿ ಮಾಡುವ ಕಾರ್ಯಕ್ಕೆ 'ಕಾರಣಂಗ್ ಕೊಡ್ಪ' ಎಂದು ಹೆಸರು. ಪುರೋಹಿತರ ಕೆಲಸವಿಲ್ಲ, ಮನೆಯ ಹಿರಿಯರೇ ಮುಂದೆ ನಿಂತು ಮಾಡುತ್ತಾರೆ. ಕೋಳಿ ಸಾರು, ಪಂದಿ ಕರಿ, ಕಡಂಬುಟ್ಟು, ಅಕ್ಕಿ ರೊಟ್ಟಿ, ಬದುಕಿರುವವರು ಏನು ಉಣ್ಣುತ್ತಾರೋ ಸತ್ತವರಿಗೂ ಅದೇ.

ಎಂ.ಎನ್. ಶ್ರೀನಿವಾಸ್ 1952ರಲ್ಲಿ ಪ್ರಕಟಿಸಿದ ಕೊಡವರ ಧರ್ಮ ಮತ್ತು ಸಮಾಜದ ಬಗೆಗಿನ ಪುಸ್ತಕ ಸಮಾಜಶಾಸ್ತ್ರ ಓದಿದವರಿಗೆ ಗೊತ್ತು. 'ಸಂಸ್ಕೃತೀಕರಣ' ಅನ್ನೋ ಪದ ಎಲ್ಲರ ಬಾಯಿಗೆ ಬಂದದ್ದು ಆ ಪುಸ್ತಕದಿಂದ. ಮೇಲಿನವರು ಅನ್ನಿಸಿಕೊಂಡವರ ಆಚಾರವನ್ನು ಉಳಿದವರು ಮೆಲ್ಲಗೆ ತಮ್ಮದಾಗಿಸಿಕೊಳ್ಳುವುದು, ಮಾಂಸ ಮದ್ಯ ಬಿಡುವುದು, ಇವೆಲ್ಲ ಅದರಲ್ಲಿ ಬರುತ್ತವೆ. ಎಡೆಯ ವಿಷಯದಲ್ಲಿ ಇದನ್ನು ಈಗಲೂ ನೋಡಬಹುದು. ಬದುಕಿದ್ದಷ್ಟು ದಿನ ಭಾನುವಾರ ಬಾಡಿಲ್ಲದೆ ಉಣ್ಣದ ತಾತನಿಗೆ ಮೊಮ್ಮಕ್ಕಳು ಅಪಾರ್ಟ್‌ಮೆಂಟಿನಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಕೇಟರಿಂಗ್ ಊಟ ಇಡುತ್ತಾರೆ. ಬೇಡ ಅನ್ನೋಕೆ ತಾತನಿಗೆ ಬಾಯಿಲ್ಲ.

ಇಲ್ಲಿಗೆ ಬಂದ ಮೇಲೆ ಹಳೆಯ ಆಕ್ಷೇಪವೊಂದಕ್ಕೆ ಉತ್ತರ ಹೇಳಲೇಬೇಕು. ಸತ್ತವರು ತಿನ್ನೋದಿಲ್ಲವಲ್ಲ, ಏನಿಟ್ಟರೇನು? 14ನೇ ಶತಮಾನದ 'ಸರ್ವದರ್ಶನ ಸಂಗ್ರಹ'ದಲ್ಲಿ ಚಾರ್ವಾಕರ ಬಾಯಲ್ಲಿ ಈ ಮಾತು ಬರುತ್ತದೆ. ಇಲ್ಲಿ ಬಡಿಸಿದ್ದು ಪರಲೋಕದವರಿಗೆ ಮುಟ್ಟುವುದಾದರೆ ಪ್ರಯಾಣ ಹೊರಟವನಿಗೆ ಬುತ್ತಿ ಕಟ್ಟುವುದು ದಂಡ, ಮನೆಯಲ್ಲೇ ಅವನ ಹೆಸರಲ್ಲಿ ಬಡಿಸಿದರಾಯಿತು. ಹೋಗಲಿ, ಮಹಡಿಯ ಮೇಲಿರುವವನಿಗೆ ಕೆಳಗೇ ಯಾಕೆ ಬಡಿಸಬಾರದು? ಈ ವಾದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಚಾರ್ವಾಕರೇ ಸರಿ ಅಂತಲೇ ಇಟ್ಟುಕೊಳ್ಳೋಣ.

ಆದರೂ ಪ್ರಶ್ನೆ ಮುಗಿಯುವುದಿಲ್ಲ. ಉಯಿಲು ಬರೆದಿಟ್ಟು ಸತ್ತವನ ಮಾತನ್ನು ನಾವು ಮೀರುವುದಿಲ್ಲ. ಮೀರಿದರೆ ಅವನಿಗೆ ಗೊತ್ತಾಗದಿದ್ದರೂ ತಪ್ಪು ಅನ್ನಿಸುತ್ತದೆ. ಸತ್ತವನ ಮೇಲೆ ಸುಳ್ಳು ಅಪವಾದ ಹೊರಿಸುವುದು ಕೂಡ ಮಾನನಷ್ಟ ಆಗಬಹುದು ಅಂತ ನಮ್ಮ ಕ್ರಿಮಿನಲ್ ಕಾನೂನು 1860ರಿಂದಲೂ ಹೇಳುತ್ತಾ ಬಂದಿದೆ. ಜೊತೆಗೆ ಒಂದು ಷರತ್ತು ಹಾಕುತ್ತದೆ: ಅದು ಅವನ ಕುಟುಂಬದವರ, ಹತ್ತಿರದವರ ಮನಸ್ಸನ್ನು ನೋಯಿಸುವ ಉದ್ದೇಶದ್ದಾಗಿರಬೇಕು. ಅಂದರೆ ಮಾನ ಸತ್ತವನದ್ದು, ನೋವು ಬದುಕಿರುವವರದ್ದು. ಗ್ರೀಸಿನ ಅರಿಸ್ಟಾಟಲ್ ಕೂಡ ನೀತಿಯ ಬಗ್ಗೆ ಬರೆಯುವಾಗ ಇಲ್ಲಿ ಸ್ವಲ್ಪ ನಿಂತಿದ್ದಾನೆ. ನಮ್ಮ ಒಳಿತು ಕೆಡುಕು ಸತ್ತವರನ್ನು ಏನಾದರೂ ತಟ್ಟುತ್ತದೆಯೇ ಅಂತ ಕೇಳಿಕೊಂಡು, ತಟ್ಟಿದರೂ ತೀರಾ ಅಲ್ಪ ಅಂತ ಮುಂದೆ ಹೋಗುತ್ತಾನೆ. ಸತ್ತವರಿಗೆ ನಾವು ಏನೋ ಕೊಡಬೇಕಾಗಿದೆ ಅನ್ನೋ ಭಾವನೆ ನಂಬಿಕೆ ಹೋದ ಮೇಲೂ ಉಳಿಯುತ್ತದೆ. ಎಷ್ಟು ಕೊಡಬೇಕು, ಯಾರು ಕೊಡಬೇಕು ಅನ್ನೋದೇ ಕಷ್ಟ.

ಹುದಿಕೇರಿಯ ಒಂದು ಮನೆಯಲ್ಲಿ ಈ ಕಷ್ಟವನ್ನು ಹತ್ತಿರದಿಂದ ನೋಡಿದೆ. ಆಫೀಸಿನ ಗೆಳೆಯನ ಮನೆ ಅದು. ಅವನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಪೊನ್ನಂಪೇಟೆಯಿಂದ ಶ್ರೀಮಂಗಲದ ಕಡೆ ಹೋಗುವ ದಾರಿಯಲ್ಲಿ ಹುದಿಕೇರಿ ಸಿಗುತ್ತದೆ. ಗದ್ದೆ, ಕಾಫಿ ತೋಟ, ಒಳಗಡೆ ಮನೆಗಳು. ಗೆಳೆಯನ ಅಪ್ಪ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಲಿವರ್ ಹೋಗಿತ್ತು. ಕುಡಿತ ಅಂತ ಊರಿಗೇ ಗೊತ್ತು. ಒಕ್ಕದ ಕಾರಣಂಗ್ ಕೊಡ್ಪಕ್ಕೆ ಅಂತ ನಾವು ಹೋದಾಗ ಅಪ್ಪನ ತಮ್ಮ ಒಂದು ಬಾಟಲಿ ಬ್ರಾಂದಿ ತಂದಿದ್ದರು. ಅಣ್ಣ ಕುಡಿಯುತ್ತಿದ್ದ ಬ್ರಾಂಡೇ. ಅಣ್ಣನ ಗಾಜಿನ ಲೋಟವನ್ನೂ ಹುಡುಕಿ ತೆಗೆದಿದ್ದರು. "ಅಣ್ಣ ಇದಿಲ್ಲದೆ ಊಟಕ್ಕೆ ಕೂತದ್ದುಂಟಾ? ಅವನ ಹೆಸರಲ್ಲಿ ಬೇರೆಯಾಗಿ ಒಂದು ಇಡೋಣ" ಅಂತ ಅವರ ಮಾತು. ಅವರ ಕಣ್ಣು ತುಂಬಿತ್ತು. ಅದು ನಾಟಕ ಆಗಿರಲಿಲ್ಲ.

ಗೆಳೆಯನ ಅವ್ವ ಬೇಡ ಅಂದರು.

ಇಡೀ ಮಧ್ಯಾಹ್ನ ಚರ್ಚೆ ನಡೆಯಿತು. ಕೊಡವ ತಕ್ಕಿನಲ್ಲಿ ನಡೆದದ್ದು ನನಗೆ ಅರ್ಧಂಬರ್ಧ ಅರ್ಥವಾಯಿತು, ಉಳಿದದ್ದನ್ನು ಗೆಳೆಯ ಆಮೇಲೆ ಹೇಳಿದ. ಬಂದ ವಾದಗಳೆಲ್ಲ ಗಟ್ಟಿಯಾಗಿಯೇ ಇದ್ದವು.

ತಮ್ಮನ ವಾದ: ಬದುಕಿದ್ದಾಗ ಕುಡಿಯಬೇಡ ಅಂದದ್ದು ಅವನ ಆರೋಗ್ಯಕ್ಕೆ. ಈಗ ಯಾವ ಲಿವರ್ ಹಾಳಾಗಬೇಕು? ಬೇಡ ಅನ್ನಲು ಇದ್ದ ಕಾರಣವೇ ಹೋದ ಮೇಲೆ ಬೇಡ ಅನ್ನೋದು ಯಾಕೆ?

ಗೆಳೆಯನ ತಂಗಿಯ ವಾದ: ಅಪ್ಪ ಹೇಗಿದ್ದರೋ ಹಾಗೇ ನೆನಪಿಟ್ಟುಕೊಳ್ಳಬೇಕು. ಪೇಪರಿನ ಶ್ರದ್ಧಾಂಜಲಿ ಜಾಹೀರಾತಿನಲ್ಲಿ ಎಲ್ಲರೂ ಸನ್ಮಾರ್ಗದರ್ಶಿಗಳೇ. ಮೀದಿಯಲ್ಲೂ ಸುಳ್ಳು ಹೇಳಿದರೆ ನಿಜ ಎಲ್ಲಿ ಉಳಿಯುತ್ತದೆ?

ಇದು ನನಗೆ ತುಂಬ ಹಿಡಿಸಿದ ವಾದ. ಸತ್ತವರನ್ನು ಹೊಗಳುವುದು ಸುಲಭ, ಅವರ ಬಾಯಿರುಚಿ ನೆನಪಿಟ್ಟುಕೊಳ್ಳುವುದಕ್ಕೆ ಜೊತೆಗೆ ಬಾಳಿರಬೇಕು. ಭಾಷಣದಲ್ಲಿ ಯಾರನ್ನು ಬೇಕಾದರೂ ದೇವರು ಮಾಡಬಹುದು. ಒಣಮೀನು ಇಲ್ಲದೆ ಗಂಜಿ ಕುಡಿಯದವನು ಎಡೆಯ ಮುಂದೆ ಒಣಮೀನು ತಿನ್ನುವ ಮನುಷ್ಯನಾಗಿಯೇ ಬರುತ್ತಾನೆ.

ಆದರೆ ಅವ್ವ ಹೇಳಿದ್ದು ಬೇರೆ. ಅವರು ಆರೋಗ್ಯದ ಮಾತೇ ಎತ್ತಲಿಲ್ಲ. ರಾತ್ರಿ ಜೀಪಿನ ಸದ್ದು ಕೇಳಿದ ಕೂಡಲೇ ಮಕ್ಕಳನ್ನು ಒಳಗೆ ಕಳಿಸುತ್ತಿದ್ದದ್ದು ಅವರು. ಕಾಫಿ ಮಾರಿದ ದುಡ್ಡು ಮನೆ ತಲುಪದ ವರ್ಷಗಳಲ್ಲಿ ಒಡವೆ ಅಡವಿಟ್ಟು ಶಾಲೆಯ ಫೀಸು ಕಟ್ಟಿದ್ದೂ ಅವರೇ. "ಆ ಲೋಟ ನಿಮಗೆಲ್ಲ ನೆನಪು. ನನಗೆ ಅದು ನೆನಪಲ್ಲ" ಅಂದರಂತೆ.

ಈ ಮಾತು ತಂಗಿಯ ವಾದಕ್ಕೂ ಉತ್ತರ ಅಂತ ನನಗೆ ಆಮೇಲೆ ಹೊಳೆಯಿತು. ಮೀದಿಯಲ್ಲಿ ಬ್ರಾಂದಿ ಇಟ್ಟು, ಸುತ್ತ ನಿಂತವರು ಒಂದಿಷ್ಟು ನಕ್ಕು, "ಪಾಪ, ಒಳ್ಳೆ ಮನುಷ್ಯ, ಅದೊಂದು ಅಭ್ಯಾಸ" ಅಂದರೆ ಅದು ನಿಜ ಹೇಳಿದ ಹಾಗಾಗುತ್ತದಾ? ಒಂದು ಮನೆಯ ಇಪ್ಪತ್ತು ವರ್ಷ ತಿಂದ ವಸ್ತು ಅಲ್ಲಿ ತಮಾಷೆಯ ಸಂಗತಿಯಾಗಿಬಿಡುತ್ತದೆ. ಲೋಟ ಇಡದಿದ್ದರೆ ಅರ್ಧ ಸುಳ್ಳು. ಇಟ್ಟರೆ ಇನ್ನರ್ಧ. ನಿಜ ಹೇಳಬೇಕು ಅನ್ನೋದೊಂದೇ ಅಳತೆಯಿಂದ ಈ ಪ್ರಶ್ನೆ ಬಗೆಹರಿಯುವುದಿಲ್ಲ.

ಕೊನೆಗೆ ಬಗೆಹರಿಸಿದ್ದು ಅವ್ವನೇ. "ಎಲ್ಲ ಕಾರಣರಿಗೆ ಇಡೋದರಲ್ಲಿ ಅವರ ಪಾಲೂ ಇರಲಿ. ಅದಕ್ಕೆ ನಾನು ಅಡ್ಡ ಬರೋದಿಲ್ಲ. ಬೇರೆ ಲೋಟ ಮಾತ್ರ ಬೇಡ." ಪಟ್ಟೆದಾರರಾದ ಅಜ್ಜ ಒಪ್ಪಿದರು. ಒಕ್ಕದ ಲೆಕ್ಕದಲ್ಲಿ ಎಲ್ಲರಿಗೂ ಇಟ್ಟ ಮದ್ಯ, ಮಾಂಸ, ಕಡಂಬುಟ್ಟು ಅವರಿಗೂ ಸಂದಿತು. ಇನ್ನೊಂದು ವಿಷಯ. ಬೆಳಿಗ್ಗೆಯೇ ಯಾರಿಗೂ ಹೇಳದೆ ಅವ್ವ ಗದ್ದೆ ಏಡಿಯ ಸಾರು ಮಾಡಿದ್ದರು. ಗಂಡನಿಗೆ ಅದು ಬಲು ಇಷ್ಟವಂತೆ. ಅದನ್ನು ಅವರೇ ಎಲೆಗೆ ಬಡಿಸಿದರು. ಬ್ರಾಂದಿ ತಂದಿದ್ದ ತಮ್ಮ ಮುಖ ಸಣ್ಣದು ಮಾಡಿಕೊಂಡೇ ಇದ್ದರು. ಎಲ್ಲರಿಗೂ ಸಮಾಧಾನ ಆಯಿತು ಅಂತ ನಾನು ಹೇಳಲಾರೆ.

ಆ ತೀರ್ಮಾನ ಸರಿ ಅಂತ ನನಗೆ ಅನ್ನಿಸುತ್ತದೆ. ಯಾಕೆ ಅಂತ ಯೋಚಿಸುವಾಗಲೇ ಮೆಕ್ಸಿಕೋದ ಬ್ರೆಡ್ ನೆನಪಾದದ್ದು.

ಆ ಮೇಜಿನ ಮೇಲಿನ ಎರಡು ಥರದ ವಸ್ತುಗಳಿಗೆ ಎರಡು ಥರದ ಅರ್ಥ. ಹೆಸರಿಲ್ಲದ ಬ್ರೆಡ್ ಋಣ. ಸತ್ತವನು ಯಾರೇ ಆಗಿರಲಿ, ಹೇಗೇ ಇದ್ದಿರಲಿ, ಅವನಿಗೆ ಅದು ಸಲ್ಲಬೇಕು. ಅವನ ಗುಣ ವಿಚಾರಿಸಿ ಬ್ರೆಡ್ ಇಡುವ ಪದ್ಧತಿ ಇಲ್ಲ. ಅಷ್ಟೇ ಅಲ್ಲ, ನೆನೆಯುವ ಮನೆಯವರೇ ಇಲ್ಲದ ಆತ್ಮಗಳಿಗೆ ಅಂತ ಬ್ರೆಡ್ಡು, ನೀರು ಇಡುವ ಪದ್ಧತಿ ಅಲ್ಲಿನ ಹಲವು ಊರುಗಳಲ್ಲಿದೆ. ನಮ್ಮ ತರ್ಪಣದಲ್ಲೂ ತಂದೆ ತಾಯಿ, ಬಂಧು ಬಳಗ ಯಾರೂ ಇಲ್ಲದವರಿಗೆ ಅಂತ ಒಂದು ಬೊಗಸೆ ನೀರು ಬಿಡುತ್ತಾರೆ. ಹಿಂದೆ ಇಂಗ್ಲೆಂಡಿನಲ್ಲಿ ಆತ್ಮಗಳ ಹೆಸರಲ್ಲಿ ಸಣ್ಣ ಕೇಕು ಬೇಯಿಸಿ, ಬಾಗಿಲಿಗೆ ಬಂದ ಬಡವರಿಗೆ ಹಂಚುತ್ತಿದ್ದರು. ತಿಂದವರು ಆ ಮನೆಯ ಸತ್ತವರಿಗಾಗಿ ಪ್ರಾರ್ಥಿಸಬೇಕು. ದೂರದೂರದ ಜನ ಒಂದೇ ಥರ ಯೋಚಿಸಿದ್ದಾರೆ: ಸತ್ತ ಮೇಲೆ ಯಾರನ್ನೂ ಪಂಕ್ತಿಯಿಂದ ಎಬ್ಬಿಸಬಾರದು.

ಪಕ್ಕದಲ್ಲಿರುವ ಟಕೀಲಾ, ಬೀಡಿ, ಏಡಿ ಸಾರು ಋಣವಲ್ಲ. ಅದು ಪ್ರೀತಿ. ನಿನಗೆ ಇದು ಇಷ್ಟ ಅಂತ ನನಗೆ ಗೊತ್ತು, ಅದಕ್ಕೇ ತಂದಿದ್ದೇನೆ ಅನ್ನೋ ಮಾತು ಅದು. ಪ್ರೀತಿಯನ್ನು ಕೊಡಬಹುದು, ಕೊಡಲೇಬೇಕು ಅಂತ ಕೇಳಲು ಬರುವುದಿಲ್ಲ. ನೊಂದವರ ಹತ್ತಿರ ಕೇಳಲು ಇನ್ನೂ ಬರುವುದಿಲ್ಲ.

ನಮ್ಮ ಮನೆಗಳಲ್ಲಿ ಆಗುವ ಗೊಂದಲ ಈ ಎರಡನ್ನೂ ಕಲಸುವುದರಿಂದ. ಕಾಟ ಕೊಟ್ಟ ಮನುಷ್ಯ ಸತ್ತಾಗ ಒಂದು ಗುಂಪು "ಸತ್ತವರ ಬಗ್ಗೆ ಕೆಟ್ಟದ್ದು ಮಾತಾಡಬಾರದು, ಎಲ್ಲ ಮರೆತುಬಿಡು" ಅನ್ನುತ್ತದೆ. ಸಾಮಾನ್ಯ ಪಾಲಿನ ಹೆಸರಲ್ಲಿ ಪ್ರೀತಿಯ ಪಾಲನ್ನೂ ವಸೂಲಿ ಮಾಡುವ ಮಾತು ಇದು. ಇನ್ನೊಂದು ಗುಂಪು, ಇತ್ತೀಚೆಗೆ ನಮ್ಮ ವಯಸ್ಸಿನವರಲ್ಲೇ ಜಾಸ್ತಿ, "ಅಂಥವನಿಗೆ ಎಡೆ ಯಾಕೆ? ನಾನು ಸಂಬಂಧ ಕಡಿದುಕೊಂಡಿದ್ದೇನೆ" ಅನ್ನುತ್ತದೆ. ಪ್ರೀತಿ ಇಲ್ಲ ಅಂತ ಸಾಮಾನ್ಯ ಪಾಲನ್ನೂ ತಡೆಹಿಡಿಯುವ ಮಾತು ಇದು. ಎರಡನೆಯವರ ನೋವು ನನಗೆ ಅರ್ಥವಾಗುತ್ತದೆ. ಅವರು ತಾವೇ ಹೋಗಿ ಎಲೆ ಹಾಕಬೇಕು ಅಂತಲೂ ನಾನು ಅನ್ನುವುದಿಲ್ಲ. ಹುದಿಕೇರಿಯ ಅವ್ವನೂ ಸಾಮಾನ್ಯ ಪಾಲನ್ನು ತನ್ನ ಕೈಯಿಂದ ಇಡಲಿಲ್ಲ, ಒಕ್ಕ ಇಟ್ಟಿತು. ಅವರು ಅಡ್ಡ ಬರಲಿಲ್ಲ ಅಷ್ಟೆ. ಒಬ್ಬರಿಂದ ಹೊರಲಾಗದ ಋಣವನ್ನು ಹತ್ತು ಜನ ಸೇರಿ ತೀರಿಸಲಿ ಅಂತಲೇ ಇಂಥ ಕಾರ್ಯಗಳು ಒಟ್ಟು ಸೇರಿ ನಡೆಯುವುದು ಇರಬಹುದು.

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ. ಗೆಳೆಯನೇ ಎತ್ತಿದ್ದು. "ಹಾಗಾದರೆ ನಮ್ಮ ಚಿಕ್ಕಪ್ಪನ ಪ್ರೀತಿಗೆ ಬೆಲೆ ಇಲ್ವಾ? ಅವರು ಇಡೋದನ್ನ ಅವ್ವ ಯಾಕೆ ತಡೀಬೇಕು?" ನ್ಯಾಯವಾದ ಪ್ರಶ್ನೆ. ಅಣ್ಣ ತಮ್ಮ ಜೊತೆಗೆ ಕೂತು ಕುಡಿದ ಸಂಜೆಗಳು ನಿಜವೇ. ನನ್ನ ಉತ್ತರ ಇಷ್ಟು: ಪ್ರೀತಿಯ ಪಾಲು ಇಡುವ ಹಕ್ಕು ಪ್ರೀತಿ ಇರುವ ಎಲ್ಲರಿಗೂ ಇದೆ, ಆದರೆ ಅದನ್ನು ನೊಂದವರ ಅಂಗಳದಲ್ಲಿ ಅವರ ಕಣ್ಣೆದುರಿಗೇ ಇಡುವ ಹಕ್ಕಿಲ್ಲ. ತಮ್ಮ ಬೇಕಾದರೆ ತನ್ನ ಮನೆಯಲ್ಲಿ, ಒಬ್ಬನೇ ಇರುವ ಹೊತ್ತಿನಲ್ಲಿ ಅಣ್ಣನ ಹೆಸರಿಗೆ ಒಂದು ಲೋಟ ತುಂಬಿಸಿಡಲಿ. ಆ ಪ್ರೀತಿಗೆ ಸಾಕ್ಷಿಗಳು ಬೇಕಾಗಿಲ್ಲ. ಗೆಳೆಯ ಇದನ್ನು ಪೂರ್ತಿ ಒಪ್ಪಿಲ್ಲ. ಮೀದಿ ಅಂದರೆ ಎಲ್ಲರ ಎದುರಿಗೆ ಇಡೋದು, ಕದ್ದು ಇಟ್ಟರೆ ಅದು ಮೀದಿಯೇ ಅಲ್ಲ ಅನ್ನುತ್ತಾನೆ. ಈ ಮಾತಿನಲ್ಲಿ ತೂಕ ಇದೆ. ಆದರೂ ಎರಡರಲ್ಲಿ ಒಂದು ನೋವನ್ನು ಆರಿಸಲೇಬೇಕು ಅಂದರೆ ನಾನು ತಮ್ಮನ ನಿರಾಸೆಯನ್ನು ಆರಿಸುತ್ತೇನೆ. ಅದು ಒಂದು ಮಧ್ಯಾಹ್ನದ್ದು.

ಬೆಂಗಳೂರಿನ ನಮ್ಮ ಬದುಕಿನಲ್ಲಿ ಒಕ್ಕವೂ ಇಲ್ಲ, ಕೈಮಡವೂ ಇಲ್ಲ. ಮಹಾಲಯ ಅಮಾವಾಸ್ಯೆಯ ಊಟ ಡಬ್ಬದಲ್ಲಿ ಬರುತ್ತದೆ. ಡಬ್ಬದ ಊಟ ಇಡಬಹುದಾ ಅಂತ ಕೆಲವರು ಸಂಕೋಚದಿಂದ ಕೇಳುತ್ತಾರೆ. ಮೆಕ್ಸಿಕೋದವರೂ ಬ್ರೆಡ್ಡನ್ನು ಹೆಚ್ಚಾಗಿ ಬೇಕರಿಯಿಂದಲೇ ತರುತ್ತಾರೆ. ಸಾಮಾನ್ಯ ಪಾಲು ಎಲ್ಲಿಂದ ಬಂದರೂ ನಡೆದೀತು. ಅದು ಸಲ್ಲಬೇಕು, ಅಷ್ಟೆ. ಪ್ರೀತಿಯ ಪಾಲನ್ನು ಮಾತ್ರ ಆ್ಯಪಿನಲ್ಲಿ ತರಿಸುವುದು ಕಷ್ಟ. ಯಾಕೆಂದರೆ ಏನು ತರಿಸಬೇಕು ಅಂತ ಗೊತ್ತಿರಬೇಕಲ್ಲ. ಅಪ್ಪನಿಗೆ ಯಾವ ತಿಂಡಿ ಇಷ್ಟ ಅಂತ ಈಗ ಯಾರಾದರೂ ಕೇಳಿದರೆ ನಮ್ಮಲ್ಲಿ ಎಷ್ಟು ಜನ ಥಟ್ಟನೆ ಹೇಳುತ್ತೇವೆ? ಅವರಿಗೆ ಯಾವುದು ಬೇಡ ಅಂತ, ಶುಗರ್ ರಿಪೋರ್ಟ್ ನೋಡಿ ನೋಡಿ, ಬಾಯಿಪಾಠ ಆಗಿದೆ. ಬೇಕಾದದ್ದು ಯಾವುದು ಅಂತ ಈಗಲೇ ಕೇಳಿಟ್ಟುಕೊಳ್ಳಬಹುದು, ಫೋನ್ ಮಾಡಿದರೆ ಎತ್ತುತ್ತಾರೆ.

ನನ್ನ ವಿಷಯ ಹೇಳುವುದಾದರೆ, ಮುಂದೆಂದೋ ಯಾರೋ ನನ್ನ ಹೆಸರಿಗೂ ಒಂದು ಎಲೆ ಹಾಕಬಹುದು. ಕಜ್ಜಾಯ ಹೇಗೂ ಸಿಗುತ್ತದೆ, ಅದು ಎಲ್ಲರಿಗೂ ಉಂಟು. ಪಕ್ಕದಲ್ಲಿ ಒಂದು ಲೋಟ ಸ್ಟ್ರಾಂಗ್ ಫಿಲ್ಟರ್ ಕಾಫಿಯೂ ಇರಲಿ ಅಂತ ನನಗೆ ಆಸೆ. ಅದನ್ನು ಇಡುವುದು ಬಿಡುವುದು ಆಗ ಅಡುಗೆಮನೆಯಲ್ಲಿ ಇರುವವರಿಗೆ ಬಿಟ್ಟದ್ದು. ಅವರನ್ನು ಕೇಳಿ ನೋಡಬಹುದಾದಷ್ಟು ದಿನ ಇನ್ನೂ ಇದೆ ಅಂದುಕೊಂಡಿದ್ದೇನೆ.